ಸಾತ್ಯಕಿ

ಮಹಾಭಾರತದ ವೃಷ್ಣಿಕುಲದ ವೀರ. ಕೃಷ್ಣನ ಬಂಧು, ಬಿಲ್ವಿದ್ಯೆಯಲ್ಲಿ ಅರ್ಜುನನ ಶಿಷ್ಯ, ಕುರುಕ್ಷೇತ್ರದ ಹದಿನಾಲ್ಕನೆಯ ದಿನ ಧರ್ಮರಾಯನ ಮೈಗಾವಲಿಗೆ ನಿಂತವನು. ನಿಜವಾದ ಹೆಸರು ಯುಯುಧಾನ. ಸತ್ಯಕನ ಮಗನಾದ್ದರಿಂದ ಸಾತ್ಯಕಿ, ಶಿನಿಯ ಮೊಮ್ಮಗನಾದ್ದರಿಂದ ಶೈನೇಯ. ಕಥೆಯಲ್ಲಿ ಎರಡನೆಯ ಸಾಲಿನವನಾದರೂ ಚೆನ್ನೈನ ತ್ರಿಪ್ಲಿಕೇನಿನ ಪಾರ್ಥಸಾರಥಿ ದೇವಾಲಯದಲ್ಲಿ ಅವನಿಗೆ ಗರ್ಭಗುಡಿಯೊಳಗೇ ಜಾಗ ಸಿಕ್ಕಿದೆ.

ತ್ರಿಪ್ಲಿಕೇನ್ ಎಂಬುದು ತಿರುವಲ್ಲಿಕ್ಕೇಣಿ ಇಂಗ್ಲಿಷರ ಬಾಯಲ್ಲಿ ಸವೆದು ಆದ ರೂಪ. ನೈದಿಲೆಯ ಕೊಳವಿರುವ ಪುಣ್ಯಸ್ಥಳ ಎಂದು ಅರ್ಥ. ಪಲ್ಲವ ದಂತಿವರ್ಮನ ಶಾಸನವಿರುವ ಈ ಗುಡಿ ಮದರಾಸು ಎಂಬ ಊರು ಹುಟ್ಟುವ ಎಷ್ಟೋ ಶತಮಾನಗಳ ಮೊದಲಿನದು. ಪೇಯಾಳ್ವಾರ್, ತಿರುಮಳಿಶೈ ಆಳ್ವಾರ್, ತಿರುಮಂಗೈ ಆಳ್ವಾರ್ ಮೂವರೂ ಹಾಡಿರುವುದರಿಂದ 108 ದಿವ್ಯದೇಶಗಳಲ್ಲಿ ಒಂದು. ಮೂಲಮೂರ್ತಿ ವೆಂಕಟಕೃಷ್ಣ, ಆಳೆತ್ತರ ಮೀರಿದ ನಿಂತ ವಿಗ್ರಹ. ಮುಖದ ಮೇಲೆ ಮೀಸೆ, ಕೈಯಲ್ಲಿ ಶಂಖ. ಚಕ್ರ ಮಾತ್ರ ಇಲ್ಲ: ಯುದ್ಧದಲ್ಲಿ ಆಯುಧ ಮುಟ್ಟುವುದಿಲ್ಲವೆಂದು ಮಾತು ಕೊಟ್ಟ ಸಾರಥಿಯಲ್ಲವೇ. ಉತ್ಸವಮೂರ್ತಿಯ ಮುಖದಲ್ಲಿ ಭೀಷ್ಮನ ಬಾಣ ತಗುಲಿದ ಗಾಯದ ಕಲೆಗಳನ್ನು ತೋರಿಸುತ್ತಾರೆ. ದೇವರ ಬಲಕ್ಕೆ ರುಕ್ಮಿಣಿ, ಎಡಕ್ಕೆ ಸಾತ್ಯಕಿ. ಬಲರಾಮ, ಪ್ರದ್ಯುಮ್ನ, ಅನಿರುದ್ಧರೂ ಒಳಗೇ ಇದ್ದಾರೆ. ಸ್ಥಳಸಂಪ್ರದಾಯ ಸಾತ್ಯಕಿಯನ್ನು ಕೃಷ್ಣನ ತಮ್ಮನೆಂದೇ ಕರೆಯುತ್ತದೆ. ವಂಶಾವಳಿ ಹಿಡಿದರೆ ಅವನು ಒಡಹುಟ್ಟಿದವನಲ್ಲ, ದಾಯಾದಿ. ಆದರೆ ವ್ಯಾಸರ ಕಥೆಯಲ್ಲಿ ಅವನು ನಡೆದುಕೊಂಡ ರೀತಿ ನೋಡಿದರೆ ಗುಡಿಯವರ ಮಾತನ್ನು ತಪ್ಪೆನ್ನಲು ಬಾಯಿ ಬರುವುದಿಲ್ಲ.

ಅವನ ಮನೆತನಕ್ಕೆ ಒಂದು ಹಳೆಯ ಹಗೆ ಅಂಟಿಕೊಂಡಿತ್ತು. ದೇವಕಿಯ ಸ್ವಯಂವರದಲ್ಲಿ ಶಿನಿ ಆಕೆಯನ್ನು ವಸುದೇವನಿಗಾಗಿ ರಥಕ್ಕೇರಿಸಿಕೊಂಡು ಹೊರಟಾಗ ಕುರುವಂಶದ ಸೋಮದತ್ತ ಅಡ್ಡ ಬಂದ. ಶಿನಿ ಅವನನ್ನು ನೆಲಕ್ಕೆ ಕೆಡವಿ, ಅರಸರೆಲ್ಲ ನೋಡುತ್ತಿದ್ದಂತೆ ಜುಟ್ಟು ಹಿಡಿದು ಒದ್ದ. ಸೋಮದತ್ತ ಶಿವನನ್ನು ಒಲಿಸಿಕೊಂಡು, ಶಿನಿಯ ವಂಶದವನಿಗೆ ಇದೇ ಅವಮಾನ ಮಾಡುವಂಥ ಮಗನನ್ನು ಬೇಡಿದ. ಹಾಗೆ ಹುಟ್ಟಿದವನು ಭೂರಿಶ್ರವ.

ಕಾವಲಿನವನ ಕಣ್ಣು ಸಾತ್ಯಕಿಗೆ ಯುದ್ಧಕ್ಕೆ ಮೊದಲೇ ಇತ್ತು. ಕೃಷ್ಣ ಸಂಧಿಗೆಂದು ಹಸ್ತಿನಾವತಿಗೆ ಹೋದಾಗ ಜೊತೆಗೆ ಹೋದವನು ಇವನೇ. ದುರ್ಯೋಧನನ ಕಡೆಯವರು ದೂತನನ್ನೇ ಕಟ್ಟಿಹಾಕುವ ಸಂಚು ಹೂಡಿದ್ದನ್ನು ಅವರ ಚಹರೆಯಿಂದಲೇ ಗ್ರಹಿಸಿ, ಸಭೆಯಿಂದ ಎದ್ದು ಹೊರಬಂದು ಯಾದವನೇ ಆದ ಕೃತವರ್ಮನಿಗೆ ಪಡೆಯನ್ನು ಬಾಗಿಲಿಗೆ ತರಲು ಹೇಳಿ, ಮತ್ತೆ ಒಳಹೋಗಿ ಕೃಷ್ಣನಿಗೆ ಸುದ್ದಿ ಮುಟ್ಟಿಸಿದ. ಅಂದು ಹೆಗಲೆಣೆಯಾಗಿದ್ದ ಅದೇ ಕೃತವರ್ಮ ಯುದ್ಧದಲ್ಲಿ ಕೌರವರ ಕಡೆ ನಿಂತ. ಸಾತ್ಯಕಿ ಒಂದು ಅಕ್ಷೋಹಿಣಿಯೊಡನೆ ಪಾಂಡವರನ್ನು ಸೇರಿದ.

ಅವನ ಹೆಸರು ಉಳಿದಿರುವುದು ಮುಖ್ಯವಾಗಿ ಒಂದೇ ದಿನದ ಕೆಲಸದಿಂದ. ಧರ್ಮರಾಯನನ್ನು ಸೆರೆಹಿಡಿದು ಕೊಡುವೆನೆಂದು ದ್ರೋಣ ಮಾತು ಕೊಟ್ಟಿದ್ದ. ಹನ್ನೆರಡನೆಯ ದಿನ ಸಂಶಪ್ತಕರತ್ತ ಹೋಗಬೇಕಾಗಿ ಬಂದಾಗ ಅರ್ಜುನ ಅಣ್ಣನ ಕಾವಲನ್ನು ಪಾಂಚಾಲರ ಸತ್ಯಜಿತನಿಗೆ ಒಪ್ಪಿಸಿದ್ದ. ಸತ್ಯಜಿತ ದ್ರೋಣನ ಕೈಯಲ್ಲಿ ಸತ್ತ. ಹದಿನಾಲ್ಕನೆಯ ದಿನ, ಅರ್ಜುನ ಜಯದ್ರಥನನ್ನು ಬೇಟೆಯಾಡಲು ಹೊರಟಾಗ, ಆ ಜಾಗಕ್ಕೆ ಸಾತ್ಯಕಿ ಬಂದ.

ಹೊತ್ತು ಏರಿತು. ದೂರದಲ್ಲಿ ಪಾಂಚಜನ್ಯದ ದನಿ ಕೇಳಿಸಿತು, ಗಾಂಡೀವದ ದನಿ ಕೇಳಿಸಲಿಲ್ಲ. ಅರ್ಜುನ ಬಿದ್ದನೇನೋ ಎಂದು ಧರ್ಮರಾಯ ಕಂಗಾಲಾಗಿ, ಹೋಗಿ ನೋಡು ಎಂದು ಕಾವಲುಗಾರನಿಗೇ ಅಪ್ಪಣೆ ಮಾಡಿದ. ಅರ್ಜುನ ನಿಮ್ಮನ್ನು ನನ್ನ ವಶಕ್ಕೆ ಕೊಟ್ಟು ಹೋಗಿದ್ದಾನೆ, ಬಿಟ್ಟು ಹೇಗೆ ಹೋಗಲಿ ಎಂದು ಸಾತ್ಯಕಿ ವಾದಿಸಿದ. ಅರಸ ಕೇಳಲಿಲ್ಲ. ಕಾಯುವವನ ಕಷ್ಟವೇ ಇದು: ಯಾರನ್ನು ಕಾಯಬೇಕೋ ಅವನ ಮಾತನ್ನೂ ಮೀರುವಂತಿಲ್ಲ. ಕೊನೆಗೆ ಕಾವಲನ್ನು ಭೀಮನಿಗೆ ಒಪ್ಪಿಸಿ ಸಿದ್ಧನಾದ. ವ್ಯಾಸರು ಆ ಸಿದ್ಧತೆಯನ್ನು ಬಿಡಿಬಿಡಿಯಾಗಿ ಹೇಳುತ್ತಾರೆ. ಕುದುರೆಗಳಿಗೆ ನೀರು ಮೇವು, ಮೈ ತಿಕ್ಕಿ ಸ್ನಾನ, ರಥದ ತುಂಬ ಬಾಣದ ಹೊರೆ, ಸಾರಥಿಯಾಗಿ ದಾರುಕನ ತಮ್ಮ. ಹೊರಡುವ ಮೊದಲು ಸಾತ್ಯಕಿ ಒಂದಿಷ್ಟು ಮದ್ಯವನ್ನೂ ಕುಡಿದ.

ದ್ರೋಣನನ್ನು ತಪ್ಪಿಸಿ, ಕೃತವರ್ಮನನ್ನು ದಾಟಿ, ಜಲಸಂಧನನ್ನು ಕೊಂದು ಅವನು ಕೌರವಸೇನೆಯನ್ನು ಸೀಳಿಕೊಂಡು ಹೋದ. ಅಷ್ಟು ಮಾಡಿ ಹತ್ತಿರ ಬಂದವನನ್ನು ಕಂಡು ಅರ್ಜುನನಿಗೆ ಸಂತೋಷವಾಗಲಿಲ್ಲ. ಅಣ್ಣನನ್ನು ಯಾರ ಪಾಲಿಗೆ ಬಿಟ್ಟು ಬಂದ ಎಂದು ಚಿಂತಿಸಿದ.

ದಣಿದ ಸಾತ್ಯಕಿಯನ್ನು ಭೂರಿಶ್ರವ ಹಿಡಿದದ್ದು ಆಗ. ರಥ ಹೋಯಿತು, ಬಿಲ್ಲು ಹೋಯಿತು. ತಾತ ಮಾಡಿದ್ದನ್ನು ಮೊಮ್ಮಗ ತೀರಿಸಿದ: ಎದೆಗೆ ಒದೆ, ಕೂದಲು ಶತ್ರುವಿನ ಮುಷ್ಟಿಯಲ್ಲಿ, ಮೇಲೆ ಎತ್ತಿದ ಕತ್ತಿ. ಕೃಷ್ಣ ಎಚ್ಚರಿಸಿದ್ದರಿಂದ ಅರ್ಜುನ ಬಾಣ ಬಿಟ್ಟು ಕತ್ತಿ ಸಮೇತ ಆ ತೋಳನ್ನೇ ಕೆಡವಿದ. ಭೂರಿಶ್ರವ ಆಯುಧ ತೊರೆದು, ಬಾಣಗಳನ್ನು ಹಾಸಿಕೊಂಡು ಪ್ರಾಯೋಪವೇಶಕ್ಕೆ ಕೂತ. ಎಲ್ಲರೂ ಬೇಡ ಬೇಡ ಎನ್ನುತ್ತಿರುವಾಗಲೇ ಸಾತ್ಯಕಿ ಎದ್ದು ಅವನ ತಲೆ ಕಡಿದ. ಇದನ್ನು ಸಮರ್ಥಿಸುವುದು ಕಷ್ಟ. ಯುದ್ಧದ ಐದನೆಯ ದಿನ ಇವನ ಹತ್ತು ಮಕ್ಕಳನ್ನು ಭೂರಿಶ್ರವ ಕೊಂದಿದ್ದ ಎಂಬುದನ್ನು ಮಾತ್ರ ಮರೆಯಬಾರದು. ಆ ಬಳಿಕ ಸಾತ್ಯಕಿ ಕೃಷ್ಣನ ಸ್ವಂತ ರಥವನ್ನೇರಿ ಕರ್ಣನೊಡನೆ ಕಾದಿದ. ಅದೇ ರಾತ್ರಿ ಸೋಮದತ್ತನೂ ಅವನ ಬಾಣಕ್ಕೆ ಬಲಿಯಾದ.

ಪಾಂಡವಪಕ್ಷದಲ್ಲಿ ಯುದ್ಧ ಮುಗಿದಾಗ ಉಳಿದ ಕೆಲವೇ ಜನರಲ್ಲಿ ಸಾತ್ಯಕಿ ಒಬ್ಬ. ಮೂವತ್ತಾರು ವರ್ಷಗಳ ಮೇಲೆ ಪ್ರಭಾಸದಲ್ಲಿ ಯಾದವರು ಕುಡಿದು ಕೂತಿದ್ದಾಗ, ಯುದ್ಧದ ಕೊನೆಯ ರಾತ್ರಿ ಮಲಗಿದ್ದವರನ್ನು ಕೊಂದವನೆಂದು ಅವನು ಕೃತವರ್ಮನನ್ನು ಹಂಗಿಸಿದ. ಕೃತವರ್ಮ ಎಡಗೈ ತೋರಿಸುತ್ತ, ತೋಳು ಕಡಿದು ಕೂತವನನ್ನು ಕೊಂದವನು ನೀನಲ್ಲವೇ ಎಂದ. ಮಾತು ಕತ್ತಿಗೆ ತಿರುಗಿತು. ಕೃತವರ್ಮನ ತಲೆ ಉರುಳಿತು. ಭೋಜರೂ ಅಂಧಕರೂ ಮುತ್ತಿ ಉಂಡ ಎಂಜಲು ಪಾತ್ರೆಗಳಿಂದಲೇ ಸಾತ್ಯಕಿಯನ್ನು ಬಡಿದರು. ಬಿಡಿಸಲು ಹೋದ ಪ್ರದ್ಯುಮ್ನನೂ ಅವನ ಜೊತೆಗೇ ಸತ್ತ. ಗೀತೆಯ ಮೊದಲ ಅಧ್ಯಾಯ ಸೋಲಿಲ್ಲದವನೆಂದು ಹೊಗಳಿದ ವೀರನ ಸಾವು ಇದು.

ಕನ್ನಡದ ಓದುಗರಿಗೆ ಈ ಕೊನೆ ಅಷ್ಟಾಗಿ ಪರಿಚಯವಿಲ್ಲ. ಗದುಗಿನ ಭಾರತ ಹತ್ತು ಪರ್ವಗಳಿಗೆ, ಗದಾಪರ್ವಕ್ಕೆ ನಿಲ್ಲುತ್ತದೆ. ಕುಮಾರವ್ಯಾಸನ ಸಾತ್ಯಕಿ ಸಾಯುವುದೇ ಇಲ್ಲ. ಮೌಸಲಪರ್ವ ಬೇಕಾದವರು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿಯ ಬಳಿಗೆ ಹೋಗಬೇಕು. ಆದರೆ ಒಡೆಯನಿಗಾಗಿ ಮೈಯೊಡ್ಡುವ ಮಾದರಿ ಕನ್ನಡನಾಡಿಗೆ ಹೊಸದಲ್ಲ. ಇಲ್ಲಿ ಅಂಥವರನ್ನು ಲೆಂಕ, ವೇಳೆವಾಳಿ, ಗರುಡ ಎಂದು ಕರೆದರು. ಹೊಯ್ಸಳ ಎರಡನೆಯ ಬಲ್ಲಾಳ 1220ರಲ್ಲಿ ತೀರಿಕೊಂಡಾಗ ಹೆಂಡತಿ ಮತ್ತು ಲೆಂಕರೊಡನೆ ಪ್ರಾಣ ಕೊಟ್ಟ ಕುವರ ಲಕ್ಷ್ಮನ ಗರುಡಗಂಬ ಹಳೇಬೀಡಿನ ಹೊಯ್ಸಳೇಶ್ವರದಲ್ಲಿದೆ. ತಮ್ಮ ಕೊರಳನ್ನು ತಾವೇ ಕೊಯ್ದುಕೊಳ್ಳುವ ಆಳುಗಳನ್ನು ಅದರ ಮೇಲೆ ಕೊರೆದಿದ್ದಾರೆ. ಲೆಂಕನ ಲೆಕ್ಕದಲ್ಲಿ ಒಡೆಯ ಮೊದಲು ಹೋಗಬೇಕು, ಆಳು ಹಿಂಬಾಲಿಸಬೇಕು. ಸಾತ್ಯಕಿಯ ಪಾಲಿಗೆ ಆ ಸರದಿ ತಿರುಗುಮುರುಗಾಯಿತು: ಅವನು ಸತ್ತ ಮೇಲೆಯೇ ಕೃಷ್ಣ ಎರಕೆಹುಲ್ಲನ್ನು ಕೈಗೆತ್ತಿಕೊಂಡು ಉಳಿದವರನ್ನು ಬಡಿದದ್ದು.

ತ್ರಿಪ್ಲಿಕೇನಿನ ಗರ್ಭಗುಡಿಯಲ್ಲಿರುವ ಯಾದವ ಗಂಡಸರೆಲ್ಲರೂ ಪ್ರಭಾಸದ ಆ ದುರಂತದಲ್ಲೋ ಅದರ ಬೆನ್ನಿಗೋ ಕೊನೆಗೊಂಡವರು. ಕೃತವರ್ಮ ಮಾತ್ರ ಅಲ್ಲಿಲ್ಲ. ಅಳಿದುಳಿದವರನ್ನು ದ್ವಾರಕೆಯಿಂದ ಕರೆತಂದ ಅರ್ಜುನ, ಸಾತ್ಯಕಿಯ ಮಗನಿಗೆ ಸರಸ್ವತಿಯ ದಡದಲ್ಲಿ ನೆಲೆ ಮಾಡಿಕೊಟ್ಟ.