ಮೊಲದ ಬಿಲದಿಂದ ಬಂದ ಹಾಡು: ‘ವೈಟ್ ರ್ಯಾಬಿಟ್’ ಮಕ್ಕಳ ಮುಂದೆ ಹಾಕಬಹುದಾ?

ಸಿ.ವಿ. ರಾಮನ್ ನಗರದ ನಮ್ಮ ಮನೆಯ ಹಿಂದಿನ ರೂಮಿನಿಂದ ಮಾತಾಡ್ತಾ ಇದ್ದೀನಿ. ಮಧ್ಯದಲ್ಲಿ ವಿಮಾನದ ಸದ್ದು ಕೇಳಿಸಿದ್ರೆ ಗಾಬರಿ ಬೇಡ, ಅದು ಎಚ್‌ಎಎಲ್ ಕಡೆಯದು. ಇವತ್ತಿನ ಸಂಚಿಕೆಗೆ ಅದು ಹೊಂದುತ್ತೆ ಕೂಡ. ಯಾಕಂದ್ರೆ ಇವತ್ತು ನಾವು ಮಾತಾಡೋದು ಜೆಫರ್ಸನ್ ಏರ್‌ಪ್ಲೇನ್ ಅನ್ನೋ ಬ್ಯಾಂಡ್ 1967ರಲ್ಲಿ ತಂದ ಒಂದು ಹಾಡಿನ ಬಗ್ಗೆ.

ಇದು ಶುರುವಾಗಿದ್ದು ನಮ್ಮ ಮನೆಯಲ್ಲೇ. ಬೇಸಿಗೆ ರಜೆಗೆ ಅಕ್ಕ, ಅಕ್ಕನ ಮಗಳು ಬಂದಿದ್ರು. ಪುಟ್ಟಿಗೆ ಏಳು ವರ್ಷ. ರಾತ್ರಿ ಮಲಗೋ ಹೊತ್ತಿಗೆ ಅವಳಿಗೆ ಆಲಿಸ್ ಕತೆ ಹೇಳ್ತಾ ಇದ್ದೆ. ಒಂದು ಬೆಳಗ್ಗೆ ತಿಂಡಿ ತಿನ್ನೋವಾಗ, “ನಿನ್ನ ಆಲಿಸ್ ಬಗ್ಗೆ ಒಂದು ಹಾಡಿದೆ, ಕೇಳು” ಅಂತ ಸ್ಪೀಕರ್‌ನಲ್ಲಿ ‘ವೈಟ್ ರ್ಯಾಬಿಟ್’ ಹಾಕಿದೆ. ಅಡುಗೆಮನೆಯಿಂದ ಅಕ್ಕನ ದನಿ ಬಂತು: “ಲೋ, ಅದು ಡ್ರಗ್ಸ್ ಹಾಡಲ್ವೇನೋ? ಮಗು ಮುಂದೆ ಯಾಕೋ ಹಾಕ್ತೀಯ?” ನಾನು ಆಫ್ ಮಾಡಿದೆ. ಪುಟ್ಟಿ ಕೇಳಿದಳು, “ಮಾಮ, ಆಲಿಸ್ ಹಾಡು ಅಂದೆ, ಯಾಕೆ ನಿಲ್ಲಿಸಿದೆ?”

ಅಕ್ಕನಿಗೂ ಉತ್ತರ ಕೊಡೋಕೆ ಆಗ್ಲಿಲ್ಲ, ಪುಟ್ಟಿಗೂ ಆಗ್ಲಿಲ್ಲ. ಆ ಎರಡು ಉತ್ತರಗಳನ್ನ ಹುಡುಕಿದ್ದೇ ಈ ಸಂಚಿಕೆ.

ಮೊದಲು ಕತೆಯಿಂದ ಶುರು ಮಾಡೋಣ. 1862ರ ಜುಲೈ 4. ಆಕ್ಸ್‌ಫರ್ಡ್‌ನಲ್ಲಿ ಗಣಿತ ಹೇಳಿಕೊಡ್ತಿದ್ದ ಚಾರ್ಲ್ಸ್ ಡಾಡ್ಜ್‌ಸನ್ ಅನ್ನೋ ಮೇಷ್ಟ್ರು ದೋಣಿಯಲ್ಲಿ ಹೋಗ್ತಾ ಲಿಡೆಲ್ ಮನೆಯ ಮೂವರು ಹೆಣ್ಣುಮಕ್ಕಳಿಗೆ ಒಂದು ಕತೆ ಕಟ್ಟಿ ಹೇಳಿದರು. ಆ ಮೂವರಲ್ಲಿ ಒಬ್ಬಳ ಹೆಸರು ಆಲಿಸ್. 1865ರಲ್ಲಿ ಅದೇ ಕತೆ ಲೂಯಿಸ್ ಕ್ಯಾರಲ್ ಅನ್ನೋ ಹೆಸರಲ್ಲಿ ಪುಸ್ತಕವಾಗಿ ಬಂತು. 1871ರಲ್ಲಿ ಎರಡನೇ ಭಾಗ, ಕನ್ನಡಿಯೊಳಗಿನ ಲೋಕದ ಕತೆ, ಬಂತು.

ಕನ್ನಡಕ್ಕೂ ಈ ಹುಡುಗಿ ಬಂದಿದ್ದಾಳೆ. ತಂದವರು ನಾ. ಕಸ್ತೂರಿ. ಮಲಯಾಳಂ ಮನೆಮಾತಿನವರು, ಮೈಸೂರಿನಲ್ಲಿ ಇತಿಹಾಸದ ಮೇಷ್ಟ್ರು, ‘ಕೊರವಂಜಿ’ ಹಾಸ್ಯಪತ್ರಿಕೆಯ ಲೇಖಕರಲ್ಲಿ ಒಬ್ಬರು. ಆಲಿಸ್ ಅವರ ಕೈಯಲ್ಲಿ ಪಾಪಚ್ಚಿ ಆದಳು, ಪುಸ್ತಕದ ಹೆಸರು ‘ಪಾತಾಳದಲ್ಲಿ ಪಾಪಚ್ಚಿ’. ಹೆಸರೇ ಎಷ್ಟು ಚೆನ್ನಾಗಿದೆ ನೋಡಿ. ಮೊಲದ ಬಿಲದಲ್ಲಿ ಬಿದ್ದವಳು ಎಲ್ಲಿಗೆ ಹೋದಳು ಅಂತ ನಮಗೆ ವಿವರಿಸಬೇಕಾಗೇ ಇಲ್ಲ. ನೆಲದ ಕೆಳಗೆ ಒಂದು ಲೋಕ ಇದೆ, ಅದಕ್ಕೆ ಪಾತಾಳ ಅಂತಾರೆ ಅನ್ನೋದು ಅಜ್ಜಿ ಕತೆ ಕೇಳಿದ ಮಗುವಿಗೆಲ್ಲ ಗೊತ್ತು.

ಆ ಪಾತಾಳದಲ್ಲಿ ಏನಾಗುತ್ತೆ? ಹುಡುಗಿ ಒಂದು ಸೀಸೆಯಿಂದ ಕುಡಿದ್ರೆ ಚಿಕ್ಕವಳಾಗ್ತಾಳೆ, ಕೇಕ್ ತಿಂದ್ರೆ ದೊಡ್ಡವಳಾಗ್ತಾಳೆ. ಅಣಬೆ ಮೇಲೆ ಕೂತ ಒಂದು ಕಂಬಳಿಹುಳ ಹುಕ್ಕಾ ಸೇದ್ತಾ, “ನೀನು ಯಾರು?” ಅಂತ ಕೇಳುತ್ತೆ. ಆಮೇಲೆ ಅಣಬೆಯ ಒಂದು ಕಡೆ ತಿಂದ್ರೆ ಬೆಳೀತೀಯ, ಇನ್ನೊಂದು ಕಡೆ ತಿಂದ್ರೆ ಕುಗ್ಗುತೀಯ ಅಂತ ಹೇಳಿ ಹೊರಟು ಹೋಗುತ್ತೆ. ಮಕ್ಕಳ ಪುಸ್ತಕ ಇದು, ನೆನಪಿರಲಿ. ನೂರು ವರ್ಷ ಯಾರೂ ಇದಕ್ಕೆ ಆಕ್ಷೇಪ ಎತ್ತಿದ ಹಾಗೆ ಕಾಣಲ್ಲ. ಮಲಗೋ ಹೊತ್ತಿಗೆ ಅಪ್ಪ ಅಮ್ಮಂದಿರೇ ಓದಿ ಹೇಳ್ತಿದ್ರು.

ಹಾಗೆ ಕೇಳಿ ಬೆಳೆದವರಲ್ಲಿ ಒಬ್ಬಳು ಗ್ರೇಸ್ ಸ್ಲಿಕ್. ಹುಟ್ಟಿದ್ದು 1939ರಲ್ಲಿ. 1965ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ‘ದಿ ಮ್ಯಾಟ್ರಿಕ್ಸ್’ ಅನ್ನೋ ಕ್ಲಬ್‌ನಲ್ಲಿ ಜೆಫರ್ಸನ್ ಏರ್‌ಪ್ಲೇನ್ ಬ್ಯಾಂಡ್ ನುಡಿಸಿದ್ದನ್ನ ನೋಡಿ, ನಾವೂ ಒಂದು ಬ್ಯಾಂಡ್ ಮಾಡೋಣ ಅಂತ ಗಂಡ, ಮೈದುನನ ಜೊತೆ ‘ದಿ ಗ್ರೇಟ್ ಸೊಸೈಟಿ’ ಕಟ್ಟಿದಳು. ಮ್ಯಾಟ್ರಿಕ್ಸ್ ಅಂದ ತಕ್ಷಣ ನಿಮಗೆ ಸಿನಿಮಾ ನೆನಪಾಗಿರಬೇಕು. ಹೌದು, 1999ರ ಆ ಸಿನಿಮಾದಲ್ಲೂ ಬಿಳಿ ಮೊಲದ ಹಿಂದೆ ಹೋಗು ಅಂತ ನಾಯಕನಿಗೆ ಸಂದೇಶ ಬರುತ್ತೆ, 2021ರ ಭಾಗದ ಟ್ರೈಲರ್‌ನಲ್ಲಿ ಇದೇ ಹಾಡು ಇತ್ತು. ನನ್ನ ವಯಸ್ಸಿನ ಎಷ್ಟೋ ಜನ ಈ ಹಾಡು ಮೊದಲು ಕೇಳಿದ್ದೇ ಅಲ್ಲಿ.

ಗ್ರೇಸ್ ಹಾಡು ಬರೆದಿದ್ದು 1965ರ ಕೊನೆ, 1966ರ ಶುರುವಿನ ಹೊತ್ತಿಗೆ, ಕೆಲವು ಕೀಗಳೇ ಇಲ್ಲದ ಒಂದು ಹಳೇ ಅಗ್ಗದ ಪಿಯಾನೋ ಮೇಲೆ. ಎಲ್‌ಎಸ್‌ಡಿ ತಗೊಂಡು ಮೈಲ್ಸ್ ಡೇವಿಸ್‌ನ ‘ಸ್ಕೆಚಸ್ ಆಫ್ ಸ್ಪೇನ್’ ರೆಕಾರ್ಡನ್ನ ಗಂಟೆಗಟ್ಟಲೆ ಕೇಳಿದ್ದೆ, ಈ ಹಾಡಿನ ದಾರಿ ಅಲ್ಲಿಂದ ಸಿಕ್ತು ಅಂತ ಅವಳೇ ಹೇಳ್ಕೊಂಡಿದ್ದಾಳೆ. ಅಲ್ಲಿಗೆ ಅಕ್ಕನ ಅನುಮಾನದಲ್ಲಿ ಅರ್ಧ ನಿಜ. ಇದನ್ನ ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ.

ಈಗ ಸ್ವಲ್ಪ ಸಂಗೀತ. ಪಂಡಿತ ಅಲ್ಲ ನಾನು, ಚಿಕ್ಕವನಾಗಿದ್ದಾಗ ಸರಳೆ ವರಸೆವರೆಗೆ ಕಲಿತು ಬಿಟ್ಟವನು. ಆದ್ರೆ ಈ ಹಾಡಿಗೆ ಅಷ್ಟು ಸಾಕು. ಶುರುವಿನಲ್ಲಿ ಇರೋದು ಎರಡೇ ಕಾರ್ಡ್: ಎಫ್ ಶಾರ್ಪ್ ಮೇಜರ್, ಪಕ್ಕದಲ್ಲೇ ಜಿ ಮೇಜರ್. ಎಫ್ ಶಾರ್ಪನ್ನ ಷಡ್ಜ ಮಾಡ್ಕೊಳ್ಳಿ. ಈ ಎರಡು ಕಾರ್ಡ್‌ಗಳಲ್ಲಿರೋ ಸ್ವರಗಳನ್ನ ಜೋಡಿಸಿ: ಸ, ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ. ಮಾಯಾಮಾಳವಗೌಳದ ಮೊದಲ ಆರು ಸ್ವರ! ಬೆಂಗಳೂರಿನಲ್ಲಿ ಸಂಗೀತ ಪಾಠಕ್ಕೆ ಹೋದ ಪ್ರತಿ ಮಗುವಿನ ಮೊದಲ ರಾಗ. ಅಮೆರಿಕದವರಿಗೆ ಇದು ಸ್ಪೇನ್ ಥರ, ದೂರದ್ದು, ಮಾಯೆಯದ್ದು ಅನ್ನಿಸುತ್ತೆ. ನಮಗೆ ಮೊದಲ ದಿನದ ಪಾಠ.

ಲಯ ಬೊಲೇರೋದ್ದು, ಸ್ಪೇನ್ ಕಡೆಯ ಕುಣಿತದ ಲಯ. ಫ್ರಾನ್ಸಿನ ರಾವೆಲ್ 1928ರಲ್ಲಿ ಇದೇ ಲಯ ಇಟ್ಕೊಂಡು ಒಂದು ಪ್ರಸಿದ್ಧ ಕೃತಿ ಬರೆದಿದ್ದ. ಸಣ್ಣ ದನಿಯಲ್ಲಿ ಶುರುವಾಗಿ ನಿಲ್ಲದೆ ಏರ್ತಾ ಹೋಗುತ್ತೆ. ‘ವೈಟ್ ರ್ಯಾಬಿಟ್’ ಕೂಡ ಹಾಗೇ. ಪಲ್ಲವಿ ಇಲ್ಲ, ಹಿಂದಕ್ಕೆ ತಿರುಗೋದೇ ಇಲ್ಲ. ಮೊದಲು ಬೇಸ್ ಗಿಟಾರ್, ಆಮೇಲೆ ಸೈನಿಕರ ನಡಿಗೆಯಂಥ ಸ್ನೇರ್ ಡ್ರಮ್, ಆಮೇಲೆ ಗಿಟಾರ್, ಆಮೇಲೆ ಅವಳ ದನಿ. ಎರಡೂವರೆ ನಿಮಿಷ ಮೆಟ್ಟಿಲು ಹತ್ತಿ ತುದಿಯಲ್ಲಿ ನಿಂತುಬಿಡುತ್ತೆ.

ಗ್ರೇಟ್ ಸೊಸೈಟಿಯಲ್ಲಿ ಇದೇ ಹಾಡು ಆರು ನಿಮಿಷ ದಾಟ್ತಿತ್ತು. ಮೊದಲು ಉದ್ದನೆಯ ಆಲಾಪ, ಆಮೇಲೆ ಮಾತು, ನಮ್ಮ ಕಚೇರಿಗಳ ಥರ. ಅವಳ ಮೈದುನ ಡಾರ್ಬಿ ಸ್ಲಿಕ್ ಆಮೇಲೆ ಸರೋದ್ ಕಲಿಯೋಕೆ ಭಾರತಕ್ಕೇ ಬಂದ. ಗ್ರೇಸ್ 1966ರ ಅಕ್ಟೋಬರ್‌ನಲ್ಲಿ ಜೆಫರ್ಸನ್ ಏರ್‌ಪ್ಲೇನ್ ಸೇರಿದಳು. ಕ್ಯಾಲಿಫೋರ್ನಿಯಾದಲ್ಲಿ ಎಲ್‌ಎಸ್‌ಡಿ ಕಾನೂನುಬಾಹಿರ ಆಗಿದ್ದು ಅದೇ ತಿಂಗಳ 6ನೇ ತಾರೀಕು. ಅಂದ್ರೆ ಹಾಡು ಬರೆದಾಗ ಅಲ್ಲಿ ಅದು ಅಪರಾಧ ಆಗಿರ್ಲಿಲ್ಲ, ರೆಕಾರ್ಡ್ ಮಾಡೋ ಹೊತ್ತಿಗೆ ಆಗಿತ್ತು. 1967ರ ಫೆಬ್ರವರಿಯಲ್ಲಿ ‘ಸರ್‌ರಿಯಲಿಸ್ಟಿಕ್ ಪಿಲ್ಲೋ’ ಆಲ್ಬಂ ಬಂತು. ಬೇಸಿಗೆಯಲ್ಲಿ ಬಿಡಿ ರೆಕಾರ್ಡ್ ಆಗಿ ಬಂದ ‘ವೈಟ್ ರ್ಯಾಬಿಟ್’ ಬಿಲ್‌ಬೋರ್ಡ್ ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ಏರಿತು.

ರೇಡಿಯೊದವರು ಹೇಗೆ ಬಿಟ್ರು ಅಂತ ನಿಮಗೆ ಅನ್ನಿಸಬಹುದು. ಹಾಡಿನಲ್ಲಿರೋದು ಮೊಲ, ಕಂಬಳಿಹುಳ, ರಾಣಿ, ಕುದುರೆ ಸವಾರ. ಮಕ್ಕಳ ಪುಸ್ತಕವನ್ನ ನಿಷೇಧಿಸೋದು ಹೇಗೆ? ಆದ್ರೆ ಆ ಸಹನೆ ಹೆಚ್ಚು ದಿನ ಉಳೀಲಿಲ್ಲ. 1970ರಲ್ಲಿ ಉಪಾಧ್ಯಕ್ಷ ಸ್ಪೈರೋ ಆಗ್ನ್ಯೂ ರಾಕ್ ಹಾಡುಗಳು ಯುವಕರನ್ನ ಡ್ರಗ್ಸ್ ಕಡೆ ಎಳೀತಿವೆ ಅಂತ ಭಾಷಣ ಮಾಡಿದ. 1971ರ ಮಾರ್ಚ್‌ನಲ್ಲಿ ಅಲ್ಲಿನ ಸಂಪರ್ಕ ಆಯೋಗ, ನೀವು ಹಾಕೋ ಹಾಡಿನ ಅರ್ಥಕ್ಕೆ ನೀವೇ ಜವಾಬ್ದಾರರು ಅನ್ನೋ ರೀತಿಯ ನೋಟಿಸನ್ನ ರೇಡಿಯೊ ಕೇಂದ್ರಗಳಿಗೆ ಕಳಿಸಿತು.

ಗ್ರೇಸ್ ವಾದ ಏನು? ಅವಳು ಸಂದರ್ಶನಗಳಲ್ಲಿ ಮತ್ತೆ ಮತ್ತೆ ಹೇಳಿರೋದರ ಸಾರ ಇಷ್ಟು: ಈ ಹಾಡು ಮಕ್ಕಳಿಗಲ್ಲ, ಅಪ್ಪ ಅಮ್ಮಂದಿರಿಗೆ. ಆಲಿಸ್ ಏನೋ ನುಂಗಿ ದೊಡ್ಡವಳಾಗ್ತಾಳೆ, ಪೀಟರ್ ಪ್ಯಾನ್ ಕತೆಯಲ್ಲಿ ಪುಡಿ ಉದುರಿಸಿಕೊಂಡ್ರೆ ಹಾರಬಹುದು, ಓಜ್ ಕತೆಯಲ್ಲಿ ಗಸಗಸೆ ಹೂವಿನ ತೋಟದಲ್ಲಿ ನಿದ್ದೆ ಬಂದುಬಿಡುತ್ತೆ. ಇದನ್ನೆಲ್ಲ ನಮಗೆ ಓದಿ ಹೇಳಿದವರು ನೀವು, ಸಂಜೆ ಆದ್ರೆ ಕೈಯಲ್ಲಿ ಗ್ಲಾಸ್ ಹಿಡಿಯೋರೂ ನೀವು, ಈಗ ನಮ್ಮನ್ನ ನೋಡಿ ಯಾಕೆ ಆಶ್ಚರ್ಯ?

ಮೊದಲ ಸಲ ಓದಿದಾಗ, ಸರಿಯಾಗೇ ಕೇಳಿದಾಳೆ ಅನ್ನಿಸ್ತು. ಎರಡನೇ ಸಲ ಯೋಚಿಸಿದಾಗ ಒಂದು ಬಿರುಕು ಕಾಣಿಸ್ತು. ನಮ್ಮಲ್ಲೂ ದೊಡ್ಡದಾಗೋ ಚಿಕ್ಕದಾಗೋ ಕತೆ ಇದೆಯಲ್ಲ. ಹನುಮಂತ ಸಮುದ್ರ ದಾಟೋವಾಗ ಸುರಸೆ ಬಾಯಿ ತೆರೀತಾಳೆ. ಅವನು ಬೆಳೆದಷ್ಟೂ ಅವಳ ಬಾಯಿ ಬೆಳೆಯುತ್ತೆ. ಆಗ ಅವನು ಹೆಬ್ಬೆರಳಿನಷ್ಟಾಗಿ ಒಳಗೆ ಹೋಗಿ ಹೊರಗೆ ಬಂದುಬಿಡ್ತಾನೆ. ಆ ಕತೆ ಕೇಳಿದ ಯಾವ ಮಗುವೂ ಮಾತ್ರೆ ಕೇಳಲ್ಲ, ಉಪಾಯ ನೆನಪಿಟ್ಕೊಳ್ಳುತ್ತೆ. ಆಲಿಸ್ ಕತೆಯಲ್ಲೂ ಮಗುವಿಗೆ ಉಳಿಯೋದು ಅಣಬೆ ಅಲ್ಲ, ಹುಳ ಕೇಳಿದ ಪ್ರಶ್ನೆ. ಕತೆಯಲ್ಲಿರೋ ಮಾಯೆಗೂ ಅಂಗಡಿಯಲ್ಲಿ ಸಿಗೋ ರಾಸಾಯನಿಕಕ್ಕೂ ನಡುವೆ ಇರೋ ಗೆರೆಯನ್ನ ಅಳಿಸಿದ್ದು ಕ್ಯಾರಲ್ ಅಲ್ಲ, 1966ರ ಸ್ಯಾನ್ ಫ್ರಾನ್ಸಿಸ್ಕೋ.

ಆ ಗೆರೆ ಅಳಿಸಿದ್ದಕ್ಕೆ ಬೆಲೆ ತೆತ್ತವರೂ ಇದ್ದಾರೆ. ನಾನು ಬಿ.ಕಾಂ. ಓದಿದವನು, ಜಮಾ ಬರೆದ ಮೇಲೆ ಖರ್ಚೂ ಬರೀಬೇಕು. ಜೆಫರ್ಸನ್ ಏರ್‌ಪ್ಲೇನ್‌ನ ಮೊದಲ ಆಲ್ಬಂನಲ್ಲಿ ಡ್ರಮ್ ನುಡಿಸಿದವನು ಸ್ಕಿಪ್ ಸ್ಪೆನ್ಸ್. 1966ರಲ್ಲಿ ಬ್ಯಾಂಡ್ ಬಿಟ್ಟು ‘ಮೋಬಿ ಗ್ರೇಪ್’ ಅನ್ನೋ ಬ್ಯಾಂಡ್ ಕಟ್ಟಿದ. 1968ರಲ್ಲಿ ನ್ಯೂಯಾರ್ಕ್‌ನಲ್ಲಿ ಎಲ್‌ಎಸ್‌ಡಿ ತಗೊಂಡ ಮೇಲೆ ಕೊಡಲಿ ಹಿಡಿದು ತನ್ನ ಬ್ಯಾಂಡಿನವರನ್ನೇ ಹುಡುಕಿಕೊಂಡು ಹೋದ. ತಿಂಗಳುಗಟ್ಟಲೆ ಮಾನಸಿಕ ಆಸ್ಪತ್ರೆಯಲ್ಲಿದ್ದ. ಆಮೇಲೆ ಜೀವನಪೂರ್ತಿ ಕಾಯಿಲೆ, ಬಡತನ. 1999ರಲ್ಲಿ ತೀರಿಕೊಂಡ. ‘ವೈಟ್ ರ್ಯಾಬಿಟ್’ನಲ್ಲಿ ಡ್ರಮ್ ನುಡಿಸಿದ್ದು ಅವನ ಜಾಗಕ್ಕೆ ಬಂದ ಸ್ಪೆನ್ಸರ್ ಡ್ರೈಡನ್. ಈ ಹಾಡು ಕೇಳುವಾಗೆಲ್ಲ ಈಗ ನನಗೆ ಮೊದಲ ಡ್ರಮ್ಮರ್ ಕೂಡ ನೆನಪಾಗ್ತಾನೆ.

ಹಾಗಾದ್ರೆ ಹಾಡು ಕೆಟ್ಟದ್ದಾ? ಇಲ್ಲಿ ನಮ್ಮ ಹಾವೇರಿ ಕಡೆಯ ಒಬ್ಬರು ಸಹಾಯಕ್ಕೆ ಬರ್ತಾರೆ. ಶಿಶುನಾಳ ಶರೀಫರು, 1819ರಿಂದ 1889. ಕಂಬಳಿಹುಳ ಸೇದ್ತಿದ್ದ ಹುಕ್ಕಾ ಇದೆಯಲ್ಲ, ನಮ್ಮ ಮಾತಲ್ಲಿ ಗುಡುಗುಡಿ, ಅದರ ಮೇಲೇ ಅವರದೊಂದು ತತ್ವಪದ ಇದೆ. ಕೇಳೋಕೆ ಬನ್ನಿ ಸೇದಿ ಅಂತ ಕರೆದ ಹಾಗೇ ಇರುತ್ತೆ, ಆದ್ರೆ ಸೇದೋ ಸಾಮಾನೆಲ್ಲ ದೇಹ, ಮನಸ್ಸುಗಳ ರೂಪಕ. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಂನಲ್ಲಿ ಅದನ್ನೇ ಗಿಟಾರ್, ಡ್ರಮ್ಸ್ ಜೊತೆ ಹಾಡಿದರು. ನಾವು ಕಾಲೇಜಿನಲ್ಲಿ ಕುಣಿದಿದ್ದೀವಿ. ಅದನ್ನ ತಂಬಾಕಿನ ಜಾಹೀರಾತು ಅಂತ ನಮ್ಮ ಮನೆಯಲ್ಲಿ ಯಾರೂ ಬೈದಿಲ್ಲ, ಅಕ್ಕನೂ ಬೈದಿಲ್ಲ. ಯಾಕೆ? ಹಾಡಿನ ಜೊತೆ ಅದನ್ನ ಬಿಡಿಸಿ ಹೇಳೋರೂ ನಮಗೆ ಸಿಕ್ಕಿದ್ರು. ಬೆಡಗಿನ ವಚನ, ತತ್ವಪದ ಅಂದ್ರೆ ಮೇಲೊಂದು ಅರ್ಥ, ಒಳಗೊಂದು ಅರ್ಥ ಅಂತ ಮೇಷ್ಟ್ರೋ ಅಜ್ಜನೋ ಯಾರೋ ಒಬ್ಬರು ಹೇಳಿರ್ತಾರೆ. ಗ್ರೇಸ್ ಪೀಳಿಗೆಗೆ ಪುಸ್ತಕ ಸಿಕ್ತು, ಬಿಡಿಸಿ ಹೇಳೋರು ಸಿಗಲಿಲ್ಲ. ನನಗನ್ನಿಸೋದು ಇಷ್ಟೇ: ಹಾಡನ್ನ ಆಫ್ ಮಾಡೋದ್ರಿಂದ ಮಗು ಸುರಕ್ಷಿತ ಆಗಲ್ಲ. ಹಾಡು ಹಾಕಿ ಪಕ್ಕದಲ್ಲಿ ಕೂತ್ಕೊಂಡು ಮಾತಾಡಿದ್ರೆ ಆಗಬಹುದು.

ಇನ್ನೊಂದು ವಿಷಯ. ಹಾಡಿನ ಕೊನೆಗೆ ಡಾರ್‌ಮೌಸ್, ಆ ತೂಕಡಿಸೋ ಪುಟ್ಟ ಇಲಿ, ಒಂದು ಮಾತು ಹೇಳಿತ್ತು ಅಂತ ಬರುತ್ತೆ. ತಲೆಯನ್ನ ಉಪವಾಸ ಕೆಡವಬೇಡಿ ಅನ್ನೋ ಅರ್ಥದ ಮಾತು. ಅದು ಓದಿನ ಬಗ್ಗೆ ಕೂಡ ಅಂತ ಗ್ರೇಸ್ ಹೇಳಿದ್ದಾಳೆ. ನಾನು ಪುಸ್ತಕದಲ್ಲಿ ಹುಡುಕಿದೆ. ಅಂಥ ಮಾತೇ ಇಲ್ಲ! ಕೋರ್ಟಿನ ದೃಶ್ಯದಲ್ಲಿ ಇಲಿ ಏನು ಹೇಳಿತು ಅಂತ ಕೇಳಿದ್ರೆ, ನೆನಪಿಲ್ಲ ಅಂತಾನೆ ಟೋಪಿಯವನು. ಕ್ಯಾರಲ್ ಖಾಲಿ ಬಿಟ್ಟ ಆ ಜಾಗವನ್ನ ನೂರು ವರ್ಷದ ಮೇಲೆ ಗ್ರೇಸ್ ತುಂಬಿದಳು.

ಕೊನೆಗೆ ನಾನು ಮಾಡಿದ್ದು ಹೇಳ್ತೀನಿ. ಅಕ್ಕನ ಎದುರೇ ಪುಟ್ಟಿಗೆ ಪೂರ್ತಿ ಹಾಡು ಕೇಳಿಸಿದೆ. ಕತೆಯಲ್ಲಿ ಆಲಿಸ್ ತಿಂದಿದ್ದು ಕತೆಯ ಅಣಬೆ, ಈ ಹಾಡು ಬರೆದವರು ತಗೊಂಡಿದ್ದು ನಿಜವಾದ ಔಷಧಿ ಥರದ್ದು, ಅದರಿಂದ ಒಬ್ಬರಿಗೆ ತುಂಬಾ ಕಾಯಿಲೆ ಆಯ್ತು ಅಂತ ಹೇಳಿದೆ. “ಡಾಕ್ಟರ್ ಕೊಡದೇ ಇದ್ದಿದ್ದನ್ನ ಯಾಕೆ ತಗೊಂಡ್ರು?” ಅಂದಳು. ಅಕ್ಕ, “ಹಾಗೆ ಕೇಳು” ಅಂದಳು. ಆಮೇಲೆ ಆ ಕೋರ್ಟಿನ ದೃಶ್ಯ ಓದಿ, ಇಲಿ ಏನು ಹೇಳಿರಬಹುದು ಅಂತ ಕೇಳಿದೆ. ಪುಟ್ಟಿ ಸ್ವಲ್ಪ ಹೊತ್ತು ಯೋಚಿಸಿ, “ನಂಗೆ ನಿದ್ದೆ ಬರ್ತಿದೆ, ದೀಪ ಆರಿಸಿ ಅಂದಿರುತ್ತೆ” ಅಂದಳು.

ದೀಪ ಆರಿಸಿದೆ.