ಟೆಂಟ್ ಆಮೇಲೆ, ಮೊದಲು ಕಾಡು

ಹೋದ ದೀಪಾವಳಿಗೆ ಊರಿಗೆ ಹೋದಾಗ ಕಾಕಾ ನನಗೊಂದು ಕೆಲಸ ಹಚ್ಚಿದರು. ನಮ್ಮೂರು ಕಪನೂರ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಮೊದಲು ನಾವು, ಮುಂದೆ ಕೆಂಪು ಬಾಳೆಹಣ್ಣಿನ ಕಮಲಾಪುರ. ಕಾಕಾನ ಹೊಲ ಮಾತ್ರ ಚಿಂಚೋಳಿ ಕಡೆ, ಕಾಡಿನ ಅಂಚಿಗೆ.

"ನೀ ಕಂಪ್ಯೂಟರಿನಾಂವ ಇದ್ದಿ. ನಾವು ಸಫಾರಿ ಕ್ಯಾಂಪ್ ಮಾಡಬೇಕಂತ ಮಾಡೀವಿ. ನಾಕು ಟೆಂಟು, ಮನಿ ಅಡಗಿ. ಒಂದು ವೆಬ್‌ಸೈಟ್ ಮಾಡಿ ಕೊಡು. ಕಬಿನಿ ಹಂಗ ಆಗ್ತದ ನೋಡು!"

ನಗು ಬಂತು. ಆದರೆ ಹೊಲದ ಮೇಲೆ ಸಾಲ ತೆಗೆಯುವ ಮಾತು ಕೇಳಿ ನಗು ನಿಂತಿತು. ವೆಬ್‌ಸೈಟ್ ಬಿಟ್ಟು ಕಬಿನಿಯ ಕಥೆ ಓದುತ್ತಾ ಕೂತೆ.

ಕಬಿನಿ ಕಥೆ ಶುರುವಾಗುವುದೇ ಬೇಟೆಯಿಂದ. ಕಾರಾಪುರದಲ್ಲಿ ಮೈಸೂರು ಮಹಾರಾಜರ ಬೇಟೆ ಬಂಗಲೆ ಇತ್ತು. ಪಕ್ಕದ ಕಾಕನಕೋಟೆಯಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಯುತ್ತಿತ್ತು, ಕೊನೆಯದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು. ಕಾಡು ಮುಳುಗಿತು, ಜನ ನೆಲೆ ಕಳೆದುಕೊಂಡರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅಲ್ಲಿ ಹಸಿ ಹುಲ್ಲು ಚಿಗುರುತ್ತದೆ, ಆನೆಗಳು ಹಿಂಡುಗಟ್ಟಿ ಬರುತ್ತವೆ. ನಾವು ಫೋಟೋದಲ್ಲಿ ನೋಡಿ "ವಾವ್" ಅನ್ನುವುದು ಅದನ್ನೇ.

1980ರಲ್ಲಿ ರಾಜ್ಯ ಸರ್ಕಾರ ನೇಪಾಳದ ಟೈಗರ್ ಟಾಪ್ಸ್ ಜೊತೆ ಸೇರಿ ಜಂಗಲ್ ಲಾಡ್ಜಸ್ ಕಟ್ಟಿತು. ಅದನ್ನು ಬೆಳೆಸಿದವರು ಕರ್ನಲ್ ಜಾನ್ ವೇಕ್‌ಫೀಲ್ಡ್. 1916ರಲ್ಲಿ ಗಯಾದಲ್ಲಿ ಹುಟ್ಟಿದವರು, ಹುಡುಗರಿದ್ದಾಗಲೇ ಹುಲಿ ಹೊಡೆದವರು. ಆಮೇಲೆ ಬಂದೂಕು ಕೆಳಗಿಟ್ಟರು. ಕಬಿನಿಯಲ್ಲೇ ಮನೆ ಮಾಡಿಕೊಂಡು, ಎಲ್ಲರಿಗೂ "ಪಾಪಾ" ಆಗಿ, 2010ರಲ್ಲಿ 94ನೇ ವಯಸ್ಸಿನಲ್ಲಿ ತೀರಿಕೊಂಡರು. ಸರ್ಕಾರಿ ಕಂಪನಿಯೇ ಹೌದು, ಆದರೆ ಒಬ್ಬ ಅಜ್ಜ ಇದ್ದ ಮನೆಯಂತಿತ್ತು.

ಅತಿಥಿಗಳಿಗೆ ಕಾಣದ ಇನ್ನೊಂದು ಕಥೆ ಇದೆ. ಪಕ್ಕದ ನಾಗರಹೊಳೆಯಲ್ಲಿ ರೇಂಜರ್ ಕೆ.ಎಂ. ಚಿಣ್ಣಪ್ಪ ವರ್ಷಗಟ್ಟಲೆ ಕಳ್ಳಬೇಟೆಗಾರರ ಬೆನ್ನು ಹತ್ತಿದ್ದರು. ಅದೇ ಕಾಡಿನಲ್ಲಿ ಪ್ರಾಣಿ ಎಣಿಸಿದವರು ಉಲ್ಲಾಸ ಕಾರಂತ. ಶಿವರಾಮ ಕಾರಂತರ ಮಗ, ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್ (ನಮ್ಮವರೇ!). ಅವರ ಜೊತೆ ಊರೂರಿನ ಸ್ವಯಂಸೇವಕರು ಬೆಳಗಿನ ಜಾವ ನೇರ ಗೆರೆಯಲ್ಲಿ ನಡೆದು, ಕಂಡ ಜಿಂಕೆ, ಕಾಟಿಗಳ ದೂರ, ಕೋನ ಬರೆದುಕೊಂಡರು. ಕಾಡು ಹೀಗೆ ಉಳಿದದ್ದಕ್ಕೇ ಜೀಪಿನಲ್ಲಿ ಕೂತವರಿಗೆ ಹುಲಿ ಕಂಡಿತು.

ಈಗ ಚಿಂಚೋಳಿಗೆ ಬನ್ನಿ. 2011ರಲ್ಲಿ ವನ್ಯಜೀವಿ ಧಾಮವಾಯಿತು, 134.88 ಚದರ ಕಿ.ಮೀ. ಒಣ ನಾಡಿನ ಕಾಡು, ನಡುವೆ ಚಂದ್ರಂಪಳ್ಳಿ ಜಲಾಶಯ, ಲಂಬಾಣಿ ತಾಂಡಾಗಳು. ತೋಳ, ಕತ್ತೆಕಿರುಬ, ನರಿ ಇವೆ. ಆದರೆ ಕಬಿನಿಯಂತೆ ಆನೆ ಹಿಂಡು ನೋಡಬಹುದು ಅಂತ ಬರೆದರೆ ಅದು ಸುಳ್ಳು. ಧಾಮದೊಳಗೆ ಜೀಪ್ ಓಡಿಸಲು ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು.

ಇಷ್ಟೆಲ್ಲ ಫೋನಿನಲ್ಲಿ ಹೇಳಿದೆ. ಕಾಕಾಗೆ ಬೇಸರವಾಯಿತು. "ಅಂದ್ರ ನಮ್ಮಂಥವರಿಂದ ಆಗಂಗಿಲ್ಲ ಅಂತೀ?"

ಆಗ ನೆನಪಾಯಿತು. ಪ್ರತಿ ಬೇಸಿಗೆ ಕಾಡಿಗೆ ಬೆಂಕಿ ಬಿದ್ದಾಗ ಕಾಕಾನ ಇಬ್ಬರು ಮಕ್ಕಳು ತಾಂಡಾದ ಹುಡುಗರ ಜೊತೆ ಹಸಿ ಟೊಂಗೆ ಹಿಡಿದು ಆರಿಸಲು ಓಡುತ್ತಾರೆ. ಯಾರೂ ಕರೆದಿಲ್ಲ, ಕೂಲಿ ಕೊಟ್ಟಿಲ್ಲ. ಕಬಿನಿಯಲ್ಲಿ ಲಾಡ್ಜಿನ ಬೆನ್ನಿಗೆ ಇದ್ದದ್ದು ಇಂಥ ಕೆಲಸವೇ ಅಲ್ಲವೇ?

"ಆಗ್ತದ ಕಾಕಾ, ಖರೆ ಸಾಲ ಬ್ಯಾಡ. ಟೆಂಟ್ ಆಮೇಲೆ. ಈ ವರ್ಷ ಹುಡುಗರು ಏನೇನು ನೋಡ್ತಾರ, ಎಲ್ಲಿ, ಯಾವಾಗ, ಎಲ್ಲಾ ಬರೀಲಿ. ಬೇಕಾದ ಪಟ್ಟಿ ನಾ ಮಾಡಿ ಕೊಡ್ತೀನಿ. ಬಂದವರಿಗೆ ಹೊಲದಾಗ ಜ್ವಾಳದ ರೊಟ್ಟಿ ಉಣಿಸೋಣು, ಇರೂದನ್ನ ತೋರಿಸೋಣು."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ನರಿ ಕೂಗಿದ್ದು ಕೇಳಿದ್ರ ಬರೀಬೇಕೇನು, ಕಂಡ್ರ ಅಷ್ಟ ಬರೀಬೇಕೋ?"

ಪಟ್ಟಿಯಲ್ಲಿ ಇನ್ನೊಂದು ಕಾಲಂ ಸೇರಿಸಿದ್ದೇನೆ :)