ಟೆಂಡರ್, ನೇಮಕಾತಿ, ಅಳಿಸಿದ ಪೋಸ್ಟ್: ಚೀನಾದ ಒಳಗಿನ ಸಂಗತಿ ಸಂಶೋಧಕರಿಗೆ ತಿಳಿಯುವುದು ಹೇಗೆ?

ಶಿನ್‌ಜಿಯಾಂಗ್‌ನ ಉಯಿಗುರ್ ಮುಸ್ಲಿಮರ ಬಗ್ಗೆ ನಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು, ಯಾವುದೋ ದೇಶದ ಹೊಡೆದಾಟದ ವಿಡಿಯೋಗೆ ಚೀನಾದ ಹೆಸರು ಅಂಟಿಸಿದ್ದು. ಇನ್ನೊಂದು, 'ಅದೆಲ್ಲ ಅಮೆರಿಕ ಕಟ್ಟಿದ ಕಥೆ, ಅಲ್ಲಿ ಮುಸ್ಲಿಮರು ಆರಾಮಾಗಿದ್ದಾರೆ' ಎನ್ನುವುದು. ಎರಡಕ್ಕೂ ಆಧಾರ ಕೇಳಿದರೆ ಸಿಗುವುದು ಇನ್ನೊಂದು ಫಾರ್ವರ್ಡ್ ಅಷ್ಟೇ. ಆದರೆ ಇವೆರಡರ ಆಚೆಗೆ, ಚೀನಾದ ಇಂದಿನ ರಾಜಕೀಯ, ಸಮಾಜ, ಮಾಧ್ಯಮದ ಬಗ್ಗೆ ವಿಶ್ವವಿದ್ಯಾಲಯಗಳಲ್ಲಿ ವರ್ಷಗಟ್ಟಲೆ ನಡೆದಿರುವ ಅಧ್ಯಯನಗಳಿವೆ. ಅವುಗಳ ಫಲಿತಾಂಶಕ್ಕಿಂತಲೂ ಅವರು ಅದನ್ನು ಕಂಡುಕೊಂಡ ದಾರಿಯನ್ನು ನಮ್ಮ ಯುವಕ ಯುವತಿಯರು ತಿಳಿದಿರಬೇಕು.

ದಾರಿ ತುಂಬ ಸರಳ. ಬಾಗಿಲು ಮುಚ್ಚಿದ ಸರ್ಕಾರವೂ ಸಾಮಾನು ಖರೀದಿಸಲೇಬೇಕು, ಜನರನ್ನು ಕೆಲಸಕ್ಕೆ ತೆಗೆದುಕೊಳ್ಳಲೇಬೇಕು, ಬಜೆಟ್ ಬರೆಯಲೇಬೇಕು. ವ್ಯಾಪಾರಿ ಬಾಯಲ್ಲಿ ಏನೇ ಹೇಳಲಿ, ಅವನ ಪರ್ಚೇಸ್ ಬಿಲ್ಲು ಬೇರೆ ಹೇಳಿದರೆ ನಾವು ನಂಬುವುದು ಬಿಲ್ಲನ್ನೇ ಅಲ್ವಾ? ಚೀನಾ ಸಂಶೋಧನೆಯ ದೊಡ್ಡ ಭಾಗ ಹೀಗೆ ಬಿಲ್ಲು ಓದುವ ಕೆಲಸ.

ಅಳಿಸಿದ್ದನ್ನು ಎಣಿಸಿದವರು

ಮೊದಲು ಮಾಧ್ಯಮದ ವಿಷಯ. ಹಾರ್ವರ್ಡ್‌ನ ಗ್ಯಾರಿ ಕಿಂಗ್, ಜೆನಿಫರ್ ಪಾನ್, ಮಾರ್ಗರೆಟ್ ರಾಬರ್ಟ್ಸ್ ಎಂಬ ಮೂವರು 2013ರಲ್ಲಿ ಒಂದು ಲೇಖನ ಪ್ರಕಟಿಸಿದರು. ಚೀನಾದ ಸುಮಾರು 1,400 ಜಾಲತಾಣಗಳಿಂದ 1.1 ಕೋಟಿಗೂ ಹೆಚ್ಚು ಪೋಸ್ಟ್‌ಗಳನ್ನು ಕಂಪ್ಯೂಟರ್ ಮೂಲಕ ಸಂಗ್ರಹಿಸಿದ್ದರು. ಉಪಾಯ ಇಷ್ಟೇ: ಪೋಸ್ಟ್ ಬಂದ ಕೂಡಲೇ ಇಳಿಸಿಕೊಳ್ಳುವುದು, ಆಮೇಲೆ ಮತ್ತೆ ಹೋಗಿ ಅದು ಅಲ್ಲಿ ಇನ್ನೂ ಉಂಟಾ ಇಲ್ಲವಾ ಎಂದು ನೋಡುವುದು. ಸುಮಾರು ಶೇ. 13ರಷ್ಟು ಮಾಯವಾಗಿದ್ದವು.

ಯಾವುವು ಮಾಯವಾದವು ಎಂಬುದರಲ್ಲಿ ಅಚ್ಚರಿ ಇತ್ತು. ಸರ್ಕಾರವನ್ನು, ಅಧಿಕಾರಿಗಳನ್ನು ಬೈದ ಪೋಸ್ಟ್‌ಗಳು ಬಹಳಷ್ಟು ಹಾಗೆಯೇ ಉಳಿದಿದ್ದವು. ಜನ ಒಟ್ಟಾಗಿ ಬೀದಿಗೆ ಬರುವ ಸಾಧ್ಯತೆ ಇದ್ದ ವಿಷಯಗಳೇ ಹೆಚ್ಚಾಗಿ ಅಳಿಸಿಹೋಗಿದ್ದವು. ಅದರಲ್ಲಿ ಸರ್ಕಾರವನ್ನು ಹೊಗಳಿದ ಪೋಸ್ಟ್ ಇದ್ದರೂ ಬಿಡಲಿಲ್ಲ. ಒಂದು ಉದಾಹರಣೆ ಅಂಗಡಿಯವರಿಗೆ ಬೇಗ ಅರ್ಥವಾಗುತ್ತದೆ. 2011ರಲ್ಲಿ ಜಪಾನಿನಲ್ಲಿ ಭೂಕಂಪ, ಅಣುಸ್ಥಾವರ ದುರಂತ ಆದಾಗ ಅಯೋಡಿನ್ ಉಪ್ಪು ತಿಂದರೆ ವಿಕಿರಣ ತಾಗುವುದಿಲ್ಲ ಎಂಬ ಗಾಳಿಸುದ್ದಿ ಹಬ್ಬಿ ಝೆಜಿಯಾಂಗ್ ಪ್ರಾಂತ್ಯದಲ್ಲಿ ಜನ ಉಪ್ಪಿಗೆ ಮುಗಿಬಿದ್ದರು. ಇದರಲ್ಲಿ ರಾಜಕೀಯವೇ ಇಲ್ಲ. ಆದರೂ ಆ ಪೋಸ್ಟ್‌ಗಳು ದೊಡ್ಡ ಪ್ರಮಾಣದಲ್ಲಿ ಅಳಿಸಿಹೋದವು. ಜನ ಗುಂಪಾಗುವುದೇ ಸರ್ಕಾರಕ್ಕೆ ಭಯ, ಕಾರಣ ಯಾವುದಾದರೂ ಸರಿ.

2014ರಲ್ಲಿ ಇದೇ ತಂಡ ಇನ್ನೂ ಮುಂದೆ ಹೋಯಿತು. ಚೀನಾದ ನೂರು ಜಾಲತಾಣಗಳಲ್ಲಿ ಖಾತೆ ತೆರೆದು, ತಾವೇ ಬರೆಸಿದ ಪೋಸ್ಟ್ ಹಾಕಿ, ಯಾವುದು ಉಳಿಯುತ್ತದೆ ಎಂದು ಪರೀಕ್ಷಿಸಿದರು. ಸಾಲದ್ದಕ್ಕೆ ಚೀನಾದೊಳಗೆ ತಮ್ಮದೇ ಒಂದು ಜಾಲತಾಣ ಶುರು ಮಾಡಿ, ಅಲ್ಲಿನ ಕಂಪನಿಯಿಂದ ಸಾಫ್ಟ್‌ವೇರ್ ತೆಗೆದುಕೊಂಡು, ಸೆನ್ಸಾರ್ ಮಾಡುವುದು ಹೇಗೆಂದು ಅದರ ಗ್ರಾಹಕ ಸೇವೆಯವರನ್ನೇ ಕೇಳಿದರು. ಅವರು ವಿವರಿಸಿದರು ಕೂಡ! ಗಿರಾಕಿ ಕೇಳಿದರೆ ಹೇಳದೆ ಇರುವುದಕ್ಕಾಗುತ್ತದೆಯೇ.

ಮೂರನೆಯದು 2017ರ ಅಧ್ಯಯನ. ಸರ್ಕಾರದ ಪರವಾಗಿ ಬರೆಯುವವರಿಗೆ ಒಂದು ಪೋಸ್ಟ್‌ಗೆ ಐವತ್ತು ಸೆಂಟಿನಂತೆ ಹಣ ಸಿಗುತ್ತದೆ ಎಂಬ ಮಾತು ಚೀನಾದಲ್ಲಿ ಇತ್ತು, ಅಂಥವರಿಗೆ 'ವುಮಾವೊ' ಎಂದೇ ಹೆಸರು. ಜಿಯಾಂಗ್‌ಶಿ ಪ್ರಾಂತ್ಯದ ಗಾಂಝೌ ನಗರದ ಝಾಂಗ್‌ಗಾಂಗ್ ಜಿಲ್ಲೆಯ ಇಂಟರ್‌ನೆಟ್ ಪ್ರಚಾರ ಕಚೇರಿಯ ಇಮೇಲ್‌ಗಳು ಸೋರಿಕೆಯಾಗಿದ್ದವು. ಅವುಗಳಲ್ಲಿದ್ದ 43,000ಕ್ಕೂ ಹೆಚ್ಚು ಪೋಸ್ಟ್‌ಗಳನ್ನು ಇವರು ಓದಿ ವಿಂಗಡಿಸಿದರು. ಬರೆದವರು ಬಹುತೇಕ ಸರ್ಕಾರಿ ನೌಕರರೇ. ಟೀಕಾಕಾರರ ಜತೆ ಅವರು ವಾದಕ್ಕೇ ಇಳಿಯುವುದಿಲ್ಲ. ಗಲಾಟೆ ಆಗುವ ಹೊತ್ತಿಗೆ ಹುತಾತ್ಮರ ಸ್ಮರಣೆ, ದೇಶದ ಸಾಧನೆ ಎಂದೆಲ್ಲ ಒಳ್ಳೊಳ್ಳೆಯ ಮಾತುಗಳನ್ನು ಸುರಿದು ಗಮನ ಬೇರೆಡೆ ತಿರುಗಿಸುತ್ತಾರೆ. ದೇಶದಾದ್ಯಂತ ವರ್ಷಕ್ಕೆ ಇಂಥ 44.8 ಕೋಟಿ ಪೋಸ್ಟ್ ಎಂದು ಅಂದಾಜಿಸಿದರು. ಮೊದಲ ಎರಡು ಲೆಕ್ಕಗಳ ಹಾಗೆ ಇದು ನೇರ ಎಣಿಕೆಯಲ್ಲ, ಒಂದು ಜಿಲ್ಲೆಯ ಕಡತದಿಂದ ಇಡೀ ದೇಶಕ್ಕೆ ಹಿಗ್ಗಿಸಿದ್ದು ಎಂಬುದು ನೆನಪಿರಲಿ.

ಈ ಸಿದ್ಧಾಂತವೇ ಅಂತಿಮ ಅಂತಲ್ಲ. ಮೇರಿ ಗ್ಯಾಲಗರ್ ಮತ್ತು ಬ್ಲೇಕ್ ಮಿಲ್ಲರ್ 2021ರಲ್ಲಿ, ಏನು ಬರೆದರು ಎಂಬುದಕ್ಕಿಂತ ಯಾರು ಬರೆದರು ಎಂಬುದೇ ಮುಖ್ಯ, ಹೆಚ್ಚು ಜನ ಮಾತು ಕೇಳುವ ವ್ಯಕ್ತಿಗಳ ಮೇಲೆಯೇ ಕಣ್ಣು ಎಂದು ವಾದಿಸಿದರು. ಶಿ ಜಿನ್‌ಪಿಂಗ್ ಕಾಲದಲ್ಲಿ ಬಿಗಿ ಇನ್ನೂ ಹೆಚ್ಚಿದೆ. ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಆಡಿಟ್ ಮಾಡುವುದೇ ಸಂಶೋಧನೆ.

ಶಿನ್‌ಜಿಯಾಂಗ್: ಮುಳ್ಳುತಂತಿಯ ಟೆಂಡರ್

ಇನ್ನು ನಮ್ಮವರು ಹೆಚ್ಚು ಕೇಳುವ ವಿಷಯ. 2016ರ ಆಗಸ್ಟ್‌ನಲ್ಲಿ ಟಿಬೆಟ್‌ನಿಂದ ಚೆನ್ ಕ್ವಾಂಗುವೊ ಎಂಬವರು ಶಿನ್‌ಜಿಯಾಂಗ್‌ಗೆ ಪಕ್ಷದ ಕಾರ್ಯದರ್ಶಿಯಾಗಿ ಬಂದರು. ಏಡ್ರಿಯನ್ ಝೆನ್ಜ್, ಜೇಮ್ಸ್ ಲೀಬೋಲ್ಡ್ ಎಂಬ ಸಂಶೋಧಕರು ಅಲ್ಲಿನ ಸರ್ಕಾರಿ ನೇಮಕಾತಿ ಜಾಹೀರಾತುಗಳನ್ನು ಒಂದೊಂದಾಗಿ ಕೂಡಿಸಿದರು. ಮುಂದಿನ ಒಂದೇ ವರ್ಷದಲ್ಲಿ ಪೊಲೀಸ್ ಮತ್ತು ಭದ್ರತೆಗೆ ಸಂಬಂಧಿಸಿದ 90,000ಕ್ಕೂ ಹೆಚ್ಚು ಹುದ್ದೆಗಳಿಗೆ ಅರ್ಜಿ ಕರೆದಿದ್ದರು.

2018ರಲ್ಲಿ ಝೆನ್ಜ್ ಟೆಂಡರ್‌ಗಳಿಗೆ ಕೈ ಹಾಕಿದರು. ಸುಮಾರು 68 ಕೋಟಿ ಯುವಾನ್ ಮೌಲ್ಯದ 73 ಖರೀದಿ ಮತ್ತು ಕಟ್ಟಡ ಟೆಂಡರ್‌ಗಳು ಸಿಕ್ಕವು. ಹೆಸರು 'ಶಿಕ್ಷಣ', 'ತರಬೇತಿ'. ಕೇಳಿದ್ದ ಸಾಮಾನಿನಲ್ಲಿ ಎತ್ತರದ ಗೋಡೆ, ಮುಳ್ಳುತಂತಿ, ಕಾವಲು ಗೋಪುರ, ಕ್ಯಾಮೆರಾ. ಟೈಲರಿಂಗ್ ಕಲಿಸುವ ಶಾಲೆಗೆ ಕಾವಲು ಗೋಪುರ ಯಾಕೆ ಎಂದು ಕೇಳುವುದಕ್ಕೆ ದೊಡ್ಡ ಪಂಡಿತನಾಗಬೇಕಿಲ್ಲ.

ಅದೇ ವರ್ಷ ಕೆನಡಾದಲ್ಲಿ ಕಾನೂನು ಓದುತ್ತಿದ್ದ ಶಾನ್ ಝಾಂಗ್ ಎಂಬ ಚೀನೀ ವಿದ್ಯಾರ್ಥಿ, ಟೆಂಡರ್‌ಗಳಲ್ಲಿದ್ದ ವಿಳಾಸಗಳನ್ನು ಗೂಗಲ್ ಅರ್ತ್‌ನಲ್ಲಿ ಹುಡುಕಿ ಉಪಗ್ರಹ ಚಿತ್ರಗಳನ್ನು ಪ್ರಕಟಿಸಿದ. 2018ರ ಆಗಸ್ಟ್‌ನಲ್ಲಿ ಜಿನೀವಾದ ವಿಶ್ವಸಂಸ್ಥೆ ಸಮಿತಿಯ ಮುಂದೆ ಅಂಥ ಕೇಂದ್ರಗಳೇ ಇಲ್ಲ ಎಂದಿದ್ದ ಚೀನಾ, ಅಕ್ಟೋಬರ್‌ನಲ್ಲಿ ಕಾನೂನು ತಿದ್ದಿ ಅವುಗಳಿಗೆ 'ವೃತ್ತಿ ತರಬೇತಿ ಕೇಂದ್ರ' ಎಂಬ ಹೆಸರು ಕೊಟ್ಟಿತು. 2019ರ ಡಿಸೆಂಬರ್‌ನಲ್ಲಿ, ತರಬೇತಿಗೆ ಬಂದವರೆಲ್ಲ 'ಪದವಿ' ಮುಗಿಸಿದರು ಎಂದಿತು.

2020ರಲ್ಲಿ ಪತ್ರಕರ್ತೆ ಮೇಘಾ ರಾಜಗೋಪಾಲನ್, ವಾಸ್ತುಶಿಲ್ಪಿ ಆಲಿಸನ್ ಕಿಲ್ಲಿಂಗ್, ಪ್ರೋಗ್ರಾಮರ್ ಕ್ರಿಸ್ಟೊ ಬುಶೆಕ್ ಸೇರಿ ಮಾಡಿದ ಕೆಲಸ ಇನ್ನೂ ಜಾಣತನದ್ದು. ಚೀನಾದ ಬೈದು ನಕ್ಷೆಯಲ್ಲಿ ಕೆಲವು ಜಾಗಗಳ ಮೇಲೆ ಬರೀ ಖಾಲಿ ಚೌಕಗಳು ಬರುತ್ತಿದ್ದವು. ಮುಚ್ಚಿಟ್ಟ ಜಾಗವೇ ನೋಡಬೇಕಾದ ಜಾಗ ಎಂದುಕೊಂಡು, ಅದೇ ಜಾಗಗಳನ್ನು ಬೇರೆ ಉಪಗ್ರಹ ಚಿತ್ರಗಳಲ್ಲಿ ನೋಡಿದರು. 2017ರ ನಂತರ ಕಟ್ಟಿದ, ಬಂಧನ ಕೇಂದ್ರದ ಲಕ್ಷಣ ಇರುವ 260ಕ್ಕೂ ಹೆಚ್ಚು ಕಟ್ಟಡ ಸಮುಚ್ಚಯಗಳು ಸಿಕ್ಕವು. 2021ರಲ್ಲಿ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು.

ಝೆನ್ಜ್ ಬಗ್ಗೆ ಆಕ್ಷೇಪ ಇದೆ, ಅದನ್ನು ಬಚ್ಚಿಡಬಾರದು. ಅವರು ಅಮೆರಿಕದ ಕಮ್ಯುನಿಸ್ಟ್ ವಿರೋಧಿ ಸಂಸ್ಥೆಯೊಂದರಲ್ಲಿದ್ದಾರೆ, ಧಾರ್ಮಿಕವಾಗಿ ಕಟ್ಟಾ ಕ್ರೈಸ್ತರು. ಹಾಗಾಗಿ ಅವರ ಮಾತು ನಂಬಬೇಡಿ ಎನ್ನುವವರು ಬಹಳ. ನನ್ನ ಅಭಿಪ್ರಾಯದಲ್ಲಿ ಬಿಲ್ಲು ತಂದವನು ಯಾರು ಎಂಬುದಕ್ಕಿಂತ ಬಿಲ್ಲು ಅಸಲಿಯಾ ನಕಲಿಯಾ ಎಂಬುದೇ ಪ್ರಶ್ನೆ. ಟೆಂಡರ್ ಚೀನಾ ಸರ್ಕಾರದ್ದು. ಚೀನಾದ ಅಂಕಿಅಂಶ ವಾರ್ಷಿಕ ಪುಸ್ತಕಗಳೇ ಹೇಳುವಂತೆ ಶಿನ್‌ಜಿಯಾಂಗ್‌ನಲ್ಲಿ ಸಾವಿರ ಜನರಿಗೆ 2017ರಲ್ಲಿ 15.88 ಇದ್ದ ಜನನ ಪ್ರಮಾಣ 2019ಕ್ಕೆ 8.14ಕ್ಕೆ ಇಳಿಯಿತು. ಎರಡು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ. ಯಾಕೆ ಇಳಿಯಿತು ಎಂಬುದರ ಬಗ್ಗೆ ಜಗಳ ಇರಬಹುದು, ಇಳಿದದ್ದರ ಬಗ್ಗೆ ಇಲ್ಲ. ಆದರೆ 'ಹತ್ತು ಲಕ್ಷ ಜನ ಬಂಧನದಲ್ಲಿ' ಎಂಬ ಸಂಖ್ಯೆ ಅಂದಾಜು. ಅದನ್ನು ಹಂಚುವಾಗ ಅಂದಾಜು ಎಂದೇ ಹೇಳಬೇಕು.

2022ರ ಆಗಸ್ಟ್ 31ರಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ತನ್ನ ವರದಿಯಲ್ಲಿ, ಅಲ್ಲಿ ನಡೆದದ್ದು ಮಾನವತೆಯ ವಿರುದ್ಧದ ಅಪರಾಧ ಆಗಿರಬಹುದು ಎಂದು ಬರೆಯಿತು. ಅದರ ಬಗ್ಗೆ ಒಂದು ಚರ್ಚೆಯಾದರೂ ನಡೆಯಲಿ ಎಂಬ ಪ್ರಸ್ತಾವ ಅಕ್ಟೋಬರ್ 6ರಂದು ಮಾನವ ಹಕ್ಕು ಮಂಡಳಿಗೆ ಬಂದಾಗ ಪರ 17, ವಿರುದ್ಧ 19 ಮತ ಬಿದ್ದು ಸೋತಿತು. 11 ದೇಶಗಳು ಮತ ಹಾಕಲಿಲ್ಲ, ಭಾರತ ಅವುಗಳಲ್ಲೊಂದು. ವಿರುದ್ಧ ಹಾಕಿದವರಲ್ಲಿ ಪಾಕಿಸ್ತಾನ, ಇಂಡೋನೇಷ್ಯಾ, ಕತಾರ್, ಯುಎಇ ಇದ್ದವು. ಸೊಮಾಲಿಯಾ ಪರವಾಗಿ ಹಾಕಿತು. ಮುಸ್ಲಿಂ ದೇಶಗಳೆಲ್ಲ ಉಯಿಗುರರ ಹಿಂದೆ ನಿಂತಿವೆ ಎಂದು ಯಾರಾದರೂ ಹೇಳಿದರೆ ಈ ಪಟ್ಟಿ ತೋರಿಸಿ.

ಚೀನಾದ ಮುಸ್ಲಿಮರೆಲ್ಲ ಉಯಿಗುರರಲ್ಲ ಎಂಬುದೂ ಗೊತ್ತಿರಲಿ. ಚೀನೀ ಭಾಷೆಯನ್ನೇ ಮಾತಾಡುವ ಹುಯಿ ಮುಸ್ಲಿಮರು ನಿಂಗ್‌ಶ್ಯಾ, ಗಾನ್ಸು ಮುಂತಾದ ಕಡೆ ನೆಲೆಸಿದ್ದಾರೆ. ಹಲಾಲ್‌ಗೆ ಅವರು 'ಚಿಂಗ್‌ಝೆನ್' ಎನ್ನುತ್ತಾರೆ, ಶುದ್ಧ ಮತ್ತು ಸತ್ಯ ಎಂದು ಅರ್ಥ. ಡೇವಿಡ್ ಸ್ಟ್ರೂಪ್ ಅವರು ಹುಯಿಗಳ ದಿನನಿತ್ಯದ ಬದುಕಿನ ಬಗ್ಗೆ 2022ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ ಅದೇ ಶೀರ್ಷಿಕೆ. ಆಮೇಲೆ ಅವರು ಹ್ಯಾನಾ ಥೀಕರ್ ಜತೆ ಸೇರಿ ನಿಂಗ್‌ಶ್ಯಾದ ಹಳ್ಳಿಗಳ ಉಪಗ್ರಹ ಚಿತ್ರಗಳನ್ನು ಹೋಲಿಸಿ ಮಸೀದಿಗಳ ಗುಂಬಜ್, ಮಿನಾರ್ ಎಲ್ಲಿ ಯಾವಾಗ ಇಲ್ಲವಾದವು ಎಂದು ದಾಖಲಿಸಿದರು. ಶಿನ್‌ಜಿಯಾಂಗ್‌ನ ಬಂಧನ ಬೇರೆ, ಈ 'ಚೀನೀಕರಣ' ಬೇರೆ. ಎರಡನ್ನೂ ಕಲಸಿ ಹೇಳಿದರೆ ಎರಡೂ ಸುಳ್ಳಾಗುತ್ತವೆ.

ಒಳಗಿದ್ದು ಬರೆದವರ ಗತಿ

ಹೊರಗಿನ ಸಂಶೋಧಕರಿಗೆ ಕೆಲವೊಮ್ಮೆ ವೀಸಾ ಸಿಗುವುದಿಲ್ಲ. 2021ರ ಮಾರ್ಚ್‌ನಲ್ಲಿ ಝೆನ್ಜ್, ಬ್ರಿಟನ್ನಿನ ಜೋಆನ್ ಸ್ಮಿತ್ ಫಿನ್ಲಿ, ಜರ್ಮನಿಯ ಮೆರಿಕ್ಸ್ ಸಂಸ್ಥೆ ಇವರ ಮೇಲೆ ಚೀನಾ ನಿರ್ಬಂಧ ಹೇರಿತು. ಒಳಗಿನವರ ಕಥೆ ಬೇರೆ. ಬೀಜಿಂಗ್‌ನ ಮಿನ್‌ಝು ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಇಲ್ಹಾಮ್ ತೋಹ್ತಿ ಉಯಿಗುರರ ನಿರುದ್ಯೋಗದ ಬಗ್ಗೆ ಬರೆಯುತ್ತಿದ್ದರು, ಹಾನ್ ಮತ್ತು ಉಯಿಗುರರ ನಡುವೆ ಮಾತುಕತೆ ಆಗಲಿ ಎಂದು ಜಾಲತಾಣವನ್ನೂ ನಡೆಸಿದ್ದರು. 2014ರ ಸೆಪ್ಟೆಂಬರ್‌ನಲ್ಲಿ ಜೀವಾವಧಿ ಶಿಕ್ಷೆಯಾಯಿತು. ಯುರೋಪಿಯನ್ ಪಾರ್ಲಿಮೆಂಟ್ 2019ರಲ್ಲಿ ಸಖಾರೋವ್ ಪ್ರಶಸ್ತಿ ಕೊಟ್ಟಾಗ ಅವರು ಜೈಲಿನಲ್ಲಿದ್ದರು.

ರಾಹಿಲೆ ದಾವುತ್ ಶಿನ್‌ಜಿಯಾಂಗ್ ವಿಶ್ವವಿದ್ಯಾಲಯದ ಜಾನಪದ ವಿದ್ವಾಂಸೆ. ಮರುಭೂಮಿಯ ಅಂಚಿನ ಮಝಾರ್‌ಗಳಿಗೆ, ಅಂದರೆ ನಮ್ಮಲ್ಲಿ ದರ್ಗಾ ಎನ್ನುತ್ತೇವಲ್ಲ ಅಂಥವುಗಳಿಗೆ, ಸ್ವತಃ ಹೋಗಿ ಅಲ್ಲಿನ ಝಿಯಾರತ್, ಹಾಡು, ಹರಕೆ, ಕಥೆಗಳನ್ನು ದಾಖಲಿಸಿದವರು. ಉಳ್ಳಾಲದ ಉರೂಸ್ ನೋಡಿದವರಿಗೆ ಇದು ಎಂಥ ಕೆಲಸ ಎಂದು ಬಿಡಿಸಿ ಹೇಳಬೇಕಿಲ್ಲ. ಅವರ ಸಂಶೋಧನೆಗೆ ಚೀನಾ ಸರ್ಕಾರದ ಅನುದಾನವೇ ಸಿಗುತ್ತಿತ್ತು. 2017ರ ಡಿಸೆಂಬರ್‌ನಲ್ಲಿ ಬೀಜಿಂಗ್‌ಗೆ ಹೊರಟವರು ಕಾಣೆಯಾದರು. ಜೀವಾವಧಿ ಶಿಕ್ಷೆ ಎಂಬುದು ಹೊರಜಗತ್ತಿಗೆ ಖಚಿತವಾದದ್ದು 2023ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಖೋತನ್ ಬಳಿಯ ಇಮಾಮ್ ಆಸಿಮ್ ಮಝಾರ್‌ನ ಸುತ್ತಲಿನ ಕಟ್ಟಡಗಳು ಉಪಗ್ರಹ ಚಿತ್ರದಲ್ಲಿ ಕಾಣದಾಗಿದ್ದವು. ಉತ್ಸವ ಹೇಗಿತ್ತು ಎಂದು ತಿಳಿಯಲು ಈಗ ಆಕೆಯಂಥವರ ದಾಖಲೆಯೇ ಆಧಾರ.

ಮುಚ್ಚುತ್ತಿರುವ ಕಿಟಕಿಗಳು

ಓದುವುದಕ್ಕೆ ಇದ್ದ ಕಾಗದವೂ ಕಡಿಮೆಯಾಗುತ್ತಿದೆ. 1960ರಿಂದ ಬರುತ್ತಿರುವ 'ದಿ ಚೈನಾ ಕ್ವಾರ್ಟರ್ಲಿ' ಪತ್ರಿಕೆಯ ಸುಮಾರು 300 ಲೇಖನಗಳನ್ನು ಚೀನಾದೊಳಗೆ ಸಿಗದಂತೆ ಮಾಡಲು 2017ರ ಆಗಸ್ಟ್‌ನಲ್ಲಿ ಕೇಂಬ್ರಿಜ್ ಪ್ರಕಾಶನ ಒಪ್ಪಿತ್ತು. ಪ್ರಾಧ್ಯಾಪಕರು ಗಲಾಟೆ ಮಾಡಿದ ಮೇಲೆ ಕೆಲವೇ ದಿನದಲ್ಲಿ ವಾಪಸ್ ಹಾಕಿತು. ಹಾಂಗ್‌ಕಾಂಗ್‌ನಲ್ಲಿ 1963ರಿಂದ ವಿದ್ವಾಂಸರಿಗೆ ಆಸರೆಯಾಗಿದ್ದ ಯೂನಿವರ್ಸಿಟೀಸ್ ಸರ್ವಿಸ್ ಸೆಂಟರ್ 2021ರಲ್ಲಿ ಸ್ವತಂತ್ರ ಸಂಸ್ಥೆಯಾಗಿ ಉಳಿಯಲಿಲ್ಲ, ಅದರ ಸಂಗ್ರಹ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಯಿತು. ಚೀನೀ ಲೇಖನಗಳ ದೊಡ್ಡ ಭಂಡಾರ ಸಿಎನ್‌ಕೆಐ 2023ರ ಏಪ್ರಿಲ್‌ನಿಂದ ಹೊರದೇಶದವರಿಗೆ ಕೆಲವು ವಿಭಾಗಗಳನ್ನು ನಿಲ್ಲಿಸಿತು.

ನಮ್ಮ ದೇಶದಲ್ಲಿ ಓದಬೇಕು ಎನ್ನುವವರಿಗೆ ದಾರಿ ಇದೆ. ಶಾಂತಿನಿಕೇತನದ ಚೀನಾ ಭವನ 1937ರದ್ದು. ಚೀನೀ ಭಾಷೆಯಲ್ಲಿ ಪದವಿ ಮಾಡುವವರಿಗೆ ದೆಹಲಿಯ ಜೆಎನ್‌ಯು ಇದೆ, ಅಲ್ಲೇ ಇನ್‌ಸ್ಟಿಟ್ಯೂಟ್ ಆಫ್ ಚೈನೀಸ್ ಸ್ಟಡೀಸ್ ಇದೆ, 'ಚೈನಾ ರಿಪೋರ್ಟ್' ಪತ್ರಿಕೆ ಅವರದ್ದು. ಬೆಂಗಳೂರಿನ ತಕ್ಷಶಿಲಾ ಸಂಸ್ಥೆಯ ಮನೋಜ್ ಕೇವಲ್‌ರಮಾನಿ, ಚೀನಾದ ಪಕ್ಷದ ಮುಖವಾಣಿ 'ಪೀಪಲ್ಸ್ ಡೈಲಿ'ಯಲ್ಲಿ ಏನು ಬಂತು, ಅದರ ಅರ್ಥ ಏನು ಎಂದು ಇಂಗ್ಲಿಷ್‌ನಲ್ಲಿ ಬರೆಯುತ್ತಾರೆ. ಭಾಷೆ ಕಲಿಯದವರು ಶುರು ಮಾಡುವುದಕ್ಕೆ ಅದೇ ಸುಲಭ. ಯಿವು, ಗ್ವಾಂಗ್‌ಝೌ ಮಾಲು ತರಿಸುವ ನಮ್ಮಂಥ ವ್ಯಾಪಾರಿಗಳ ಮಕ್ಕಳು ಚೀನೀ ಭಾಷೆ ಕಲಿತರೆ ಇನ್‌ವಾಯ್ಸ್ ಓದುವುದಕ್ಕೂ ಆಯಿತು, ಟೆಂಡರ್ ಓದುವುದಕ್ಕೂ ಆಯಿತು.